ಗಡುವಿಲ್ಲದ ನಿಯಮ

ಅಧ್ಯಕ್ಷ ಸ್ಥಾನದಲ್ಲಿರುವ ಮುಖ್ಯೋಪಾಧ್ಯಾಯಿನಿ ಶ್ರೀಮತಿ ಮೇಘಶ್ರೀಯವರೇ, ವೇದಿಕೆಯ ಮೇಲಿರುವ ಹಿರಿಯರೇ, ನನ್ನ ಕಾಲದ ಹಳೆಯ ವಿದ್ಯಾರ್ಥಿಗಳೇ, ಬೆಳಗಿನಿಂದ ಬಿಸಿಲಿನಲ್ಲಿ ಕವಾಯತು ಮಾಡಿ ಈಗ ಲಾಡು ಯಾವಾಗ ಕೊಡುತ್ತಾರೋ ಎಂದು ಕಾಯುತ್ತಿರುವ ಮಕ್ಕಳೇ, ಮತ್ತು ಸಭಿಕರೇ,

ಈ ಶಾಲೆಯ ಗಣರಾಜ್ಯೋತ್ಸವಕ್ಕೆ ನೀವು ನನ್ನನ್ನು ಎಷ್ಟೋ ವರ್ಷಗಳಿಂದ ಕರೆಯುತ್ತಿದ್ದೀರಿ. ನಾನೂ ಅಷ್ಟೇ ನಿಷ್ಠೆಯಿಂದ ನೆಪ ಹೇಳುತ್ತಾ ಬಂದಿದ್ದೇನೆ. ಕಾಲೇಜು ಮೇಷ್ಟ್ರಿಗೆ ನೆಪಗಳಿಗೆ ಬರವೇ? ಈ ಸಲ ಒಪ್ಪಿಕೊಳ್ಳುವ ಮೊದಲು ಮೇಡಂ ಅವರನ್ನು ಒಂದೇ ಒಂದು ವಿಷಯ ಕೇಳಿದೆ. ಮೈಕಿನ ಹಾರ್ನನ್ನು ಈಗಲೂ ನೀರಿನ ಟ್ಯಾಂಕಿನ ಮೇಲೆ ಬಸ್ತಿಹಳ್ಳಿಯ ಕಡೆಗೆ ತಿರುಗಿಸಿ ಕಟ್ಟುತ್ತೀರಾ ಎಂದು. ಅವರು ನಕ್ಕು, ಕಟ್ಟುತ್ತೇವೆ ಸರ್, ಊರಿಗೆಲ್ಲ ಕೇಳಬೇಕಲ್ಲ ಎಂದರು.

ವಿದೇಶದಲ್ಲಿ ಓದಿದ ಅನುಭವ ಹೇಳಿ ಮಕ್ಕಳಿಗೆ ಸ್ಫೂರ್ತಿ ತುಂಬಬೇಕೆಂದು ಆಹ್ವಾನ ಪತ್ರಿಕೆಯಲ್ಲಿದೆ. ಕ್ಷಮಿಸಿ, ಸ್ಫೂರ್ತಿ ನನ್ನ ಬಳಿ ಇಲ್ಲ. ನನ್ನ ತಾಯಿ ತ್ರಿಶಲಮ್ಮನವರು ಬಸ್ತಿಹಳ್ಳಿಯ ಮನೆಯಲ್ಲಿ ಮಲಗಿದ್ದಾರೆ. ಇಪ್ಪತ್ತೈದು ವರ್ಷಗಳಿಂದ ಅವರು ಉಪ್ಪು ತಿಂದಿಲ್ಲ. ರಕ್ತದಲ್ಲಿ ಉಪ್ಪಿನ ಅಂಶ ಕುಸಿದಿದೆ, ಇನ್ನೂ ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಹಾಸನದ ವೈದ್ಯರು ಹೇಳಿದ್ದಾರೆ. ಆ ಉಪ್ಪಿಗೂ ಈ ದಿನಕ್ಕೂ ಸಂಬಂಧವಿದೆ.

ನಾನು ಓದಲು ಹೋಗಿದ್ದು ಜಪಾನಿಗೆ, ಓದಿದ್ದು ಭೂಕಂಪವನ್ನು. ನನ್ನ ತಮ್ಮ ಶ್ರೀಪಾಲ ಇದೇ ಶಾಲೆಯಲ್ಲಿ ಓದಿ, ಅಂದರೆ ಓದಿದಂತೆ ಮಾಡಿ, ಅರಸೀಕೆರೆಯಲ್ಲಿ ಷಡಕ್ಷರಪ್ಪನವರ ಜೊತೆ ಕೊಬ್ಬರಿ ವ್ಯಾಪಾರಕ್ಕೆ ಇಳಿದ. ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದ. ನಾನು ಹೊರಡುವಾಗ, 'ನಿನ್ನ ಭೂಮಿನೂ ಹಿಂಗೇ ಅಲ್ಲಾಡಿಸಿ ನೋಡ್ತೀಯೇನಣ್ಣ' ಎಂದು ರೇಗಿಸಿದ್ದ. ನಮ್ಮ ಕೊಬ್ಬರಿ ಗುಜರಾತಿಗೆ ಹೋಗುತ್ತದೆ, ನಿಮಗೆಲ್ಲ ಗೊತ್ತು. ಇಪ್ಪತ್ತೈದು ವರ್ಷದ ಹಿಂದಿನ ಆ ಜನವರಿಯಲ್ಲಿ ಅವನು ಲೋಡಿನ ಹಿಂದೆಯೇ ಕಛ್‌ನ ಭುಜ್‌ಗೆ ಹೋಗಿದ್ದ.

ಅಂದೂ ಗಣರಾಜ್ಯೋತ್ಸವ. ನಾವು ನಾಲ್ಕಾರು ಭಾರತೀಯ ಹುಡುಗರು ಬೆಳಿಗ್ಗೆ ಹಾಸ್ಟೆಲಿನ ಗೋಡೆಗೆ ಬಾವುಟ ಅಂಟಿಸಿ, ತಪ್ಪು ತಪ್ಪಾಗಿ ರಾಷ್ಟ್ರಗೀತೆ ಹಾಡಿ, ಲಾಡು ಎಂದು ಹೆಸರಿಟ್ಟು ಏನನ್ನೋ ಉಂಡೆ ಕಟ್ಟಿ ತಿಂದಿದ್ದೆವು. ಮಧ್ಯಾಹ್ನ ನಾನು ಬುತ್ತಿ ಬಿಚ್ಚುವ ಹೊತ್ತಿಗೆ ಪ್ರಯೋಗಾಲಯದ ಭೂಕಂಪಮಾಪಕದ ಮುಳ್ಳು ಎದ್ದಿತು. ಅಲ್ಲಿ ಮುಳ್ಳು ಎದ್ದರೆ ಎಲ್ಲರೂ ಮೊದಲು ನೋಡುವುದು ಒಂದೇ, ಹತ್ತಿರದ್ದೋ ದೂರದ್ದೋ ಎಂದು. ಪ್ರೊಫೆಸರರು ಗೆರೆಯನ್ನು ಅಳೆದು, ದೂರದ್ದು, ತುಂಬಾ ದೂರದ್ದು ಎಂದರು. ಎಲ್ಲರೂ ನಿಟ್ಟುಸಿರು ಬಿಟ್ಟರು, ನಾನೂ ಬಿಟ್ಟೆ. ಬೇರೆ ಕೇಂದ್ರಗಳ ಲೆಕ್ಕ ಬಂದ ಮೇಲೆ ನಕ್ಷೆಯ ಮೇಲೆ ಗುರುತು ಹಾಕಿದರು. ಅದು ಕಛ್‌ನ ಮೇಲೆ ಬಿತ್ತು.

ಸಭಿಕರೇ, ದೂರ ಎಂದರೆ ಏನು? ಯಾರಿಂದ ದೂರ? ನನ್ನ ಮುಖ ನೋಡಿ ಪ್ರೊಫೆಸರರಿಗೆ ಅರ್ಥವಾಯಿತು. ಅವರು ಎದ್ದು ನಿಂತು ಸೊಂಟದವರೆಗೆ ಬಾಗಿದರು. ಅಷ್ಟು ದೊಡ್ಡವರು ನನಗೆ ಯಾಕೆ ಬಾಗುತ್ತಾರೆ? ಸಾವಿನ ಮನೆಯವನಿಗೆ ಬಾಗಿದರು. ಊರಿನಲ್ಲಿ ಇನ್ನೂ ಯಾರಿಗೂ ಏನೂ ತಿಳಿಯುವ ಮೊದಲು, ಸಾವಿರಾರು ಮೈಲಿ ಆಚೆ, ಆ ಗೆರೆಯಲ್ಲಿ ನಾನು ಎಲ್ಲವನ್ನೂ ಓದಿ ಮುಗಿಸಿದ್ದೆ.

ಷಡಕ್ಷರಪ್ಪನವರಿಗೆ ಫೋನು ಮಾಡಿದೆ. ಭುಜ್‌ಗೆ ಲೈನೇ ಸಿಗುತ್ತಿಲ್ಲ ಎಂದರು. ಅಷ್ಟರಲ್ಲಿ ನಮ್ಮ ತಾಯಿ ರೇಡಿಯೋದಲ್ಲಿ ಸುದ್ದಿ ಕೇಳಿ, ಪಾರ್ಶ್ವನಾಥ ಬಸದಿಗೆ ಹೋಗಿ ಸ್ವಾಮಿಯ ಮುಂದೆ ನಿಯಮ ಹಿಡಿದಿದ್ದರು. ನಮ್ಮ ಜೈನರಲ್ಲಿ ಇದು ಹೊಸದಲ್ಲ. ಉಪ್ಪನ್ನೋ ತುಪ್ಪವನ್ನೋ ಇಷ್ಟು ದಿನ ಬಿಟ್ಟೆ ಎನ್ನುತ್ತಾರೆ, ದಿನ ತುಂಬಿದ ಮೇಲೆ ತಿನ್ನುತ್ತಾರೆ. ನಿಯಮಕ್ಕೆ ಗಡುವು ಇರಲೇಬೇಕು. ಪುರೋಹಿತರು ಎಷ್ಟು ದಿನಕ್ಕಮ್ಮಾ ಎಂದು ಕೇಳಿದ್ದಾರೆ. 'ಶ್ರೀಪಾಲ ಬಂದು ಉಣ್ಣೋಕೆ ಕೂರೋವರೆಗೆ' ಎಂದಿದ್ದಾರೆ ಅಮ್ಮ. ಹಾಗೆ ಹಿಡಿಯಬಾರದಮ್ಮ, ದಿನ ಹೇಳಿ ಎಂದರೂ ಕೇಳಲಿಲ್ಲವಂತೆ. ನಾಳೆಯೋ ನಾಳಿದ್ದೋ ಬರುವ ಮಗನಿಗೆ ಗಡುವು ಯಾಕೆ ಎಂಬುದು ಅವರ ವಾದ. ಇಡೀ ಬದುಕಿನಲ್ಲಿ ನನ್ನ ತಾಯಿ ಶಾಸ್ತ್ರ ತಪ್ಪಿದ್ದು ಅದೊಂದೇ ಸಲ.

ಷಡಕ್ಷರಪ್ಪನವರು ತಾವೇ ಭುಜ್‌ಗೆ ಹೋದರು. ಶ್ರೀಪಾಲ ಇಳಿದುಕೊಂಡಿದ್ದ ಲಾಡ್ಜಿನ ಬೀದಿಯಲ್ಲಿ ಕಲ್ಲಿನ ರಾಶಿ ಬಿಟ್ಟರೆ ಬೇರೇನೂ ಇರಲಿಲ್ಲ. ದೇಹ ಸಿಗಲಿಲ್ಲ. ಸೂತಕ ಹಿಡಿಯಲು ಅಮ್ಮ ಬಿಡಲಿಲ್ಲ. ನಾನು ಊರಿಗೆ ಬಂದು ಚೀಲ ಕೆಳಗಿಟ್ಟು ಬಾಯಿ ತೆರೆದಾಗ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟು.

'ಬೇರೆ ಯಾರು ಹೇಳಿದ್ರೂ ನಾನು ನಂಬಕಿಲ್ಲ ಕಣೋ. ನೀನು ಅದನ್ನೇ ಓದಿದವನು. ನೀನು ಹೇಳಿದ್ರೆ ನಂಬಲೇಬೇಕಾಯ್ತದೆ. ಅದಕ್ಕೇ, ನೀನು ಮಾತ್ರ ಹೇಳಬೇಡ.'

ನಾನು ಹೇಳಲಿಲ್ಲ. ನಮ್ಮ ತಂದೆ ಹೇಳಿದರು, ಹೇಳಿ ಹೇಳಿ ಸಾಕಾಗಿ ಒಂದು ದಿನ ತೀರಿಕೊಂಡರು. ಪುರೋಹಿತರು ಹೇಳಿದರು. ಊರಿಗೆ ಬಂದ ಮುನಿಗಳೂ ಹೇಳಿದರು. ಎಲ್ಲರಿಗೂ ಕೈಮುಗಿದು ಅಮ್ಮ ಸಪ್ಪೆ ಅನ್ನ ಉಂಡರು. ದಿನವೂ ಸೂರ್ಯ ಮುಳುಗುವ ಮುಂಚೆ ಉಣ್ಣುವ ಹೊತ್ತಿಗೆ ಶ್ರೀಪಾಲನ ತಟ್ಟೆಯನ್ನು ತೊಳೆದು, ಬಡಿಸದೆಯೇ ಮತ್ತೆ ಒಳಗಿಟ್ಟರು. ನಾನು ಅವರ ಪಕ್ಕದಲ್ಲೇ ಕೂತು ಉಪ್ಪು ಹಾಕಿದ ಸಾರು ಕಲೆಸಿಕೊಂಡು ಉಣ್ಣುತ್ತಿದ್ದೆ. ದೇಶ ಬೇಗ ಮರೆತುಬಿಟ್ಟಿತು. ಮರೆಯಲಿ, ದೇಶಕ್ಕೆ ಬೇರೆ ಕೆಲಸಗಳಿವೆ.

ಹೋದ ವಾರ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ಬಂದರು. ಅಮ್ಮನಿಗೆ ಅರೆ ಎಚ್ಚರ. 'ಅದ್ರಲ್ಲಿ ಏನೈತೆ' ಎಂದು ಕೇಳಿದರು. ಉಪ್ಪು ನೀರು ಅಜ್ಜಿ ಎಂದಳು ನರ್ಸು, ಪಾಪ, ಅವಳಿಗೇನು ಗೊತ್ತು. ಅಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಆ ಕೈಯನ್ನು ಹೊರಗೆ ತರಲು ನಮ್ಮಿಂದ ಆಗಲಿಲ್ಲ. ನಾನೂ ನನ್ನ ಹೆಂಡತಿ ದರ್ಶಿನಿಯೂ ಮನೆಗೆ ಕರೆತಂದೆವು.

ನಿನ್ನೆ ಎದುರಿಗೆ ಕೂತು ಹೇಳಬೇಕೆಂದು ಹೋದೆ. ಅವರು ನನ್ನ ಮುಖ ನೋಡಿ, ಉಂಡೆಯೇನೋ ಎಂದರು. ಉಂಡೆ ಅಮ್ಮ ಎಂದು ಎದ್ದು ಬಂದೆ. ಎದುರಿಗೆ ನನ್ನಿಂದ ಆಗದು, ಅದಕ್ಕೇ ನಿಮ್ಮ ಮೈಕನ್ನು ಕೇಳಿಕೊಂಡು ಬಂದೆ. ಭಾಷಣಕ್ಕೆಂದು ಕರೆದು ಮನೆಯ ಮಾತು ಕೇಳಬೇಕಾಯಿತಲ್ಲ, ಸಭಿಕರು ಒಂದು ನಿಮಿಷ ತಾಳಿಕೊಳ್ಳಿ.

ದರ್ಶಿನಿ, ಅಮ್ಮನ ತಲೆಯ ಕಡೆ ಕಿಟಕಿ ತೆಗಿ.

ಅಮ್ಮಾ, ನಾನು ಯಶೋಧರ. ಶ್ರೀಪಾಲ ಬರೋದಿಲ್ಲ. ಅವತ್ತೇ ತೀರಿಕೊಂಡ. ನಾನು ಹೇಳ್ತಾ ಇದ್ದೀನಿ ಅಮ್ಮಾ, ನಾನೇ. ನಿನ್ನ ಸೊಸೆ ಗಂಜಿಗೆ ಉಪ್ಪು ಹಾಕಿ ಇಟ್ಕೊಂಡಿದ್ದಾಳೆ. ಬೇಡ ಅನ್ನಬೇಡ.

ಸಭಿಕರೇ, ನಾನೀಗ ಮನೆಗೆ ಹೋಗಬೇಕು. ಆ ಗಂಜಿ ಖಾಲಿಯಾಗಿದ್ದರೆ ನನ್ನ ತಮ್ಮ ನಮ್ಮ ಮನೆಯಲ್ಲಿ ಇಂದು ಸತ್ತ ಎಂದು ಅರ್ಥ. ಹಾಗೇ ಉಳಿದಿದ್ದರೆ ತಾಯಿ ಇನ್ನು ಹೆಚ್ಚು ದಿನ ಇರುವುದಿಲ್ಲ. ಇಲ್ಲಿಂದ ಬಸ್ತಿಹಳ್ಳಿಯವರೆಗೆ ನಡೆಯುತ್ತಾ ನಾನು ಸ್ವಾಮಿಯನ್ನು ಯಾವುದಕ್ಕೆ ಬೇಡಿಕೊಳ್ಳಲಿ? ತಿಳಿದವರು ಯಾರಾದರೂ ಇದ್ದರೆ ಹೇಳಿ.

ಮಕ್ಕಳೇ, ಲಾಡು ತೆಗೆದುಕೊಂಡು ಹೋಗಿ, ನನಗಾಗಿ ಬಿಡಬೇಡಿ. ಇಷ್ಟು ಹೊತ್ತು ಸುಮ್ಮನಿದ್ದು ಕೇಳಿಸಿಕೊಂಡ ನಿಮಗೂ, ಹಾರ್ನನ್ನು ಬಸ್ತಿಹಳ್ಳಿಯ ಕಡೆಗೇ ಕಟ್ಟಿದವರಿಗೂ ನಾನು ಋಣಿ. ನಮಸ್ಕಾರ.