ಅಳಿಯ ಒದಿತಾನ

…ಅಲ್ರಿ ಬೀಗರ, ಇದು ನಾ ಕಟ್ಟಿದ ಕತಿ ಅಲ್ಲ. ನನಗ ಮೊದಲ ಹೇಳಿದಾವ ಮಕ್ತುಮಸಾಬ, ಆ ಮೆರವಣಿಗಿ ಕುದುರಿ ಮಾಲಕ. ಇವತ್ತ ಮುಂಜಾನಿ ಬಸವಣ್ಣನ ಗುಡಿ ಮುಂದ ಕುದುರಿಗೆ ಗೊಂಡೆ ಕಟ್ಟಕೋತ ಹೇಳಿದ. ಕೇಳಿ ನಾನೂ ನಕ್ಕೆ. ಒಂದು ಕುದುರಿ ಹೆಸರು ಬಂದು ನನ್ನ ಮಗಳ ಮದುವಿಗೆ ಅಡ್ಡ ನಿಂದರತೈತಿ ಅಂತ ಯಾರಿಗೆ ಗೊತ್ತಿತ್ತು.

ಏಳಬ್ಯಾಡ್ರಿ, ಕುಂದರ್ರಿ. ಅಯ್ಯನವರು ಬಂದಾರ. ನಮ್ಮ ಉಮಾಶ್ರೀ ಬಾಸಿಂಗ ಕಟ್ಟಿಸಿಕೊಂಡು ಕುಂತಾಳ. ಮಂದಿ ಕೈಯಾಗ ಅಕ್ಕಿಕಾಳು ಹಿಡದು ಬಾಗಲಾ ನೋಡಾಕತ್ತಾರ. ನೀವು ನೋಡಿದ್ರ, ಮಗನ್ನ ಕುದುರಿ ಇಳಿಸಿ ಒಳಗಿನ ಕೋಣ್ಯಾಗ ಕುಂದರಿಸಿ, "ಓಣಿ ತುಂಬ ನಮ್ಮ ಹುಡುಗನ್ನ ಬೈದ ಮನಿ ಸಂಬಂಧ ಬ್ಯಾಡ" ಅಂತೀರಿ. ಬೈದದ್ದು ನಿಮ್ಮ ಅಮರೇಶಪ್ಪಗಲ್ಲರಿ. ಕುದುರಿಗೆ. ಆ ಕುದುರಿ ಹೆಸರು ಅಳಿಯ.

ಹೌದ್ರಿ. ಅಳಿಯ ಅಂದ್ರ ಅಳಿಯ.

ಹಂಗ್ಯಾಕ ನೋಡತೀರಿ? ತಡೀರಿ, ಹೇಳತೇನಿ. ಮೊದಲ ಅದರ ಹೆಸರು ಬಾದಶಾ ಇತ್ತಂತ. ಮಕ್ತುಮಸಾಬನ ಹೆಂಡತಿ ಲಾಲಬಿ ನಾಕು ದಿನಾ ಸುಮ್ಮನ ನೋಡಿದಳಂತ. ಕೆಲಸಿಲ್ಲ, ಬೊಗಸಿಲ್ಲ. ಕಡ್ಲಿ ಹಾಕೂದು ಒಂದೀಟು ತಡಾ ಆದ್ರ ಮಾರಿ ತಿರುವಿ ನಿಂದರತೈತಿ. ಮೈಮ್ಯಾಲ ಜರದ ಶಾಲು ಹೊಚ್ಚಿ, ಮುಂದ ವಾಲಗ ಊದಿದ್ರ ಮಾತ್ರ ಹೆಜ್ಜಿ ಕೀಳತೈತಿ. "ಇದು ಬಾದಶಾ ಅಲ್ಲ, ದಾಮಾದ್ ಐತಿ" ಅಂದಳಂತ. ಗಿರಾಕಿ ಎಲ್ಲಾ ಕನ್ನಡದ ಮಂದಿ ಅಂತ ಮಕ್ತುಮಸಾಬ ಅದನ್ನ ಅಳಿಯ ಮಾಡಿದ. ಉರ್ದುದಾಗ ಬಿಟ್ಟಿದ್ರ ಇಷ್ಟೊತ್ತಿಗೆ ನೀವೂ ನಾನೂ ಹೋಳಿಗಿ ಉಣ್ಣಾಕ ಕುಂದರತಿದ್ವಿ. ಕನ್ನಡದ ಅಭಿಮಾನ ಒಂದೊಂದು ಸಲ ಹಿಂಗೂ ಕಾಡತೈತಿ ನೋಡ್ರಿ.

ಪ್ರಾಣಿಗೆ ಹೆಸರಿಡೂದ ಹಂಗರಿ. ಉಪ್ಪಿನಬೆಟಗೇರಿಯ ನಮ್ಮ ಮನ್ಯಾಗ ಒಂದು ಬೆಕ್ಕಿತ್ತು. ಹಾಲಿನ ಗಡಗಿ ಮುಂದ ಕಣ್ಣು ಮುಚ್ಚಿ ಕುಂದರತಿತ್ತು ಅಂತ ನಮ್ಮವ್ವ ಅದಕ್ಕ ಶರಣಿ ಅಂತ ಹೆಸರಿಟ್ಟಳು. ಒಂದಿನ ಮಠದ ಅಯ್ಯನವರು ಪ್ರಸಾದಕ್ಕ ಕುಂತಾರ, ನಮ್ಮವ್ವ ಒಳಗಿಂದ ಕೂಗಿದಳು, "ಶರಣಿ ಮತ್ತ ಇಲಿ ಕಚಗೊಂಡು ದೇವರ ಕೋಣಿ ಹೊಕ್ಕಳು" ಅಂತ. ಅಯ್ಯನವರ ಕೈಯಾಗಿನ ತುತ್ತು ಕೈಯಾಗ ಉಳೀತು. ಮತ್ತ ನಮ್ಮ ಎಮ್ಮಿ ಹೆಸರು ನಾಳಿ. ಯಾಕಂದ್ರ ಇವತ್ತ ಅನ್ನೂ ದಿನಾ ಅದು ಎಂದೂ ಹಾಲು ಕೊಡಲಿಲ್ಲ. ಹಾಲು ಒಯ್ಯಾಕ ಬಂದಾವರು "ನಾಳಿ ಹಾಲು ಕೊಡತೈತೇನು" ಅಂತ ಕೇಳಿದ್ರ, ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ನಮಗ ತಿಳೀತಿರಲಿಲ್ಲ.

ನಕ್ಕಿರೇನು? ಇಲ್ಲ? ಮೀಸಿ ಅಲ್ಲಾಡಿದಂಗಾತು.

ಆತು, ಒಂದೊಂದ ಮಾತಿಗೆ ಬರೋಣು. ಎದಿ ಮ್ಯಾಲಿನ ಲಿಂಗ ಮುಟ್ಟಿ ಹೇಳತೇನಿ, ನೋಡ್ರಿ. ಬ್ಯಾಂಡಿನವರು ಶುರು ಮಾಡಿದ ಕೂಡಲೇ "ಅಳಿಯ ಒದಿತಾನ, ಹೆಣಮಕ್ಕಳು ಹಿಂದ ನಿಂದರಬ್ಯಾಡ್ರಿ" ಅಂದಾವ ಮಕ್ತುಮಸಾಬ, ಅಂದದ್ದು ಕುದುರಿಗೆ. ಲಿಂಗದಾಣಿ. "ಇವಗೇನು ಹೊಸಾದಲ್ಲ, ಈ ಸೀಜನ್‌ದಾಗ ಅಳಿಯಂದು ಇದು ಎಷ್ಟನೇ ಮದುವ್ಯೋ" ಅಂದಾವನೂ ಅಂವನ. ಲಿಂಗದಾಣಿ. ಅದನ್ನ ಕೇಳಿ ನಿಮ್ಮ ಸ್ವಾದರತ್ತಿಯವರು ಅಲ್ಲೇ ಕುಸದು ಕುಂತ್ರು. ಅವರ ಮಾರಿಗೆ ನೀರು ಚಿಮುಕಿಸಿದಾಕಿ ನನ್ನ ಹೆಂಡತಿ ದಾನವ್ವ, ಅದನ್ನೂ ಲೆಕ್ಕಕ್ಕ ಹಿಡೀರಿ. ಇನ್ನ, "ಅಳಿಯಗ ವಯಸ್ಸಾಗೇತಿ, ನಸುಕಿನ್ಯಾಗ ಎದ್ದು ಬಿಳಿ ಕೂದಲಕ್ಕ ಬಣ್ಣಾ ಬಳದು ಕರಕೊಂಡು ಬಂದೇನಿ" ಅಂದದ್ದು ಕುದುರಿ ಬಾಲದ ಮಾತು. ಲಿಂಗದಾಣಿ…

ಯಾಕ, ನಿಮ್ಮ ಮಾರಿ ಯಾಕ ಕೆಂಪಾತು? ಅಮರೇಶಪ್ಪನವರು ಬಣ್ಣಾ ಹಚಗೋತಾರೇನ್ರಿ?

ಬಿಡ್ರಿ, ಬಿಡ್ರಿ. ನಾ ಕೇಳೇ ಇಲ್ಲ.

ಅಲ್ಲ, ಮಕ್ತುಮಸಾಬನ ಮಾತಿಗೆ ಮೊದಲ ನಕ್ಕಾವರು ಯಾರು ಗೊತ್ತೈತೇನ್ರಿ? ಅಮರೇಶಪ್ಪನವರ. ಕುದುರಿ ಮ್ಯಾಲ ಕುಂತು, ಬಾಸಿಂಗ ಅಲ್ಲಾಡೂ ಹಂಗ ನಗಾಕತ್ತಿದ್ರು. ಮ್ಯಾಲಿನ ಖಿಡಕ್ಯಾಗ ನಿಂತಿದ್ದ ನಮ್ಮ ಹುಡಿಗಿನೂ ನಗಾಕತ್ತಿದ್ದಳು. ಇವರು ಮ್ಯಾಲ ನೋಡಿ ನಕ್ರು, ಅಕಿ ಕೆಳಗ ನೋಡಿ ನಕ್ಕಳು. ಶಿವನೇ, ಜೋಡಿ ಕೂಡಿತು, ಇನ್ನ ಮಂತ್ರ ಬರೇ ನೆವಾ ಅಂತ ನಾ ಮನಸ್ಸಿನ್ಯಾಗ ಕೈ ಮುಗದೆ. ಅಷ್ಟರಾಗ ನೀವು ಬಂದು "ಇಳಿ" ಅಂದ್ರಿ.

ಇಳದ್ರು.

ಇನ್ನೊಂದು ಮಾತು ಉಳದೈತಿ ಅಂತ ನಿಮ್ಮ ಕಣ್ಣ ಹೇಳಾಕತ್ತಾವು. ಅದೂ ಕುದುರಿ ಮಾತರಿ. ನೀವು ನೀರು ಕುಡಿಯಾಕ ಅಡಗಿ ಮನಿ ಕಡೆ ಬಂದಾಗ ಕಿವಿಗೆ ಬಿತ್ತಲ್ಲ… "ಅಳಿಯಗ ಬಾಯಿಲ್ಲ, ಲಗಾಮು ಅಪ್ಪನ ಕೈಯಾಗ ಐತಿ" ಅಂತ. ಕುದುರಿಗೆ ಬಾಯಿಲ್ಲಲ್ರಿ. ಮೂಕ ಪ್ರಾಣಿ. ಲಗಾಮಂತೂ ಕುದುರೀದ. ಅಪ್ಪ ಅಂದ್ರ… ಅಪ್ಪ ಅಂದ್ರ ಮಕ್ತುಮಸಾಬ. ಸಾಕಿದಾವ ಅಪ್ಪನ ಸಮಾನ ಅಂತ ಮಂದಿ ಅಂತಾರಲ್ಲ, ಹಂಗ…

ಏನಾರ ಅನ್ರಿ ಬೀಗರ. ಬೇಕಾದ್ರ ಬೈರಿ.

ನನ್ನ ಕೈ ಯಾಕ ನೋಡಾಕತ್ತೀರಿ?

ಹೌದು. ಈ ಮಾತಿಗೆ ನಾ ಲಿಂಗ ಮುಟ್ಟಲಿಲ್ಲ.

ಆ ಮಾತು ನಿಮ್ಮ ಕಿವಿಗೆ ಬೀಳೂ ಹೊತ್ತಿಗೆ ಮಕ್ತುಮಸಾಬ ಕುದುರಿ ಹೊಡಕೊಂಡು ಲಕಮನಹಳ್ಳಿ ಮದುವಿಗೆ ಹೊಂಟು ಹೋಗಿದ್ದ. ನಿಮಗದು ಗೊತ್ತಿತ್ತು. ಗೊತ್ತಿದ್ದೂ ನನ್ನ ಬೆಕ್ಕು, ನನ್ನ ಎಮ್ಮಿ, ಎಲ್ಲಾ ಸುಮ್ಮನ ಕುಂತು ಕೇಳಿದ್ರಿ. ದೊಡ್ಡವರು ನೀವು. ಆತು, ಅಂದಾವ ನಾನ. ದಾನವ್ವನ ಮುಂದ ಅಂದೆ. ನಿಮ್ಮ ಮಗಗ ಅಂದೆ, ನಿಮಗೂ ಅಂದೆ.

ಸಿಟ್ಟಿಲೆ ಅಲ್ಲರಿ, ಅಂಜಿ ಅಂದೆ. ಅಷ್ಟು ಚಂದ ನಗಾಕತ್ತಿದ್ದ ಹುಡುಗ, ಒಂದ ಮಾತಿಗೆ ನಗಿ ನುಂಗಿ ಇಳದ. ಖಿಡಕಿ ಕಡೆ ಹೊಳ್ಳಿ ಸೈತ ನೋಡಲಿಲ್ಲ. ನನ್ನ ಮಗಳು ಅಲ್ಲೇ ನಿಂತಿದ್ದಳರಿ, ನಕ್ಕ ಬಾಯಿ ಇನ್ನೂ ಮುಚ್ಚಿರಲಿಲ್ಲ. ಇವತ್ತ "ಇಳಿ" ಅಂದ್ರ ಇಳದಾವ, ಮುಂದ ಒಂದಿನ ಸಾರಿಗೆ ಉಪ್ಪು ಹೆಚ್ಚಾತು ಅಂತ ನೀವು "ತವರಿಗೆ ಬಿಟ್ಟು ಬಾ" ಅಂದ್ರ? ನಿಮ್ಮ ಬೈರಿದೇವರಕೊಪ್ಪದಿಂದ ನಮ್ಮೂರಿಗೆ ಎಷ್ಟು ದೂರ ಐತ್ರಿ. ಬಿಟ್ಟು ಹೋಗಾಕ ಒಂದು ಬಸ್ಸು ಸಾಕು.

ಇದನ್ನ ಮುಚ್ಚಿ ಹೆಂಗರ ಮಾಡಿ ಅಕ್ಕಿಕಾಳು ಬೀಳಿಸೂಣು ಅಂತ ಬಂದಿದ್ದೆ ನಿಮ್ಮ ಹತ್ರ. ಪೂಜಿ ಮಾಡೂ ಕೈ ಇದು, ಒಪ್ಪಲಿಲ್ಲ.

ಇನ್ನ ನಾ ಕೇಳೂದು ಒಂದ. ಒಳಗ ಹೋಗಿ ಈ ಕತಿ ಅಮರೇಶಪ್ಪಗ ಹೇಳ್ರಿ. ಲಾಲಬಿ ಇಟ್ಟ ಹೆಸರಿಂದ ಹಿಡದು ನಾ ಅಡಗಿ ಮನ್ಯಾಗ ಆಡಿದ ಮಾತಿನ ತನಕಾ, ಒಂದಕ್ಷರ ಬಿಡಬ್ಯಾಡ್ರಿ. ಎಲ್ಲಾ ಕೇಳಿ ಆದ ಮ್ಯಾಲ ಬರತೇನಿ ಅಂತಾರೋ, ಬರೂದಿಲ್ಲ ಅಂತಾರೋ, ಅವರ ಅನ್ನಲಿ. ಬರೂದಿಲ್ಲ ಅಂದ್ರೂ ಆತು, ಆ ಮಾತು ನಾನ ಒಯ್ದು ಉಮಾಶ್ರೀಗೆ ಮುಟ್ಟಸತೇನಿ. ಆದ್ರ ಅವರ ಮಾತು ಇದ್ರ ಮಾತ್ರ. ನಿಮ್ಮ ಮಾತಾದ್ರ ಒಯ್ಯೂದಿಲ್ಲ.

ಹೋಗ್ರಿ. ಹೇಳ್ರಿ ಅವರಿಗೆ.