ಎಂಟೂವರೆ ಅಡಿಯ ಪೆಟ್ಟಿಗೆ

ದೀಪ ಸ್ವಲ್ಪ ಸಣ್ಣಗೆ ಮಾಡಿ. ಆರಿಸಬೇಡಿ... ಸಣ್ಣಗೆ ಮಾಡಿದರೆ ಸಾಕು.

ಇದು ನನ್ನ ಪಕ್ಕದ ಗಾಡಿಯಲ್ಲಿದ್ದ ಕುಳ್ಳ ಲಾನಿ ಸ್ಪೈವಿಗೆ ಆದದ್ದು. ಆಗ ನಾನು ಒಂದು ಪ್ರದರ್ಶನದ ಮಂದಿಗೆ ಬಟ್ಟೆ ಹೊಲಿದುಕೊಡುತ್ತಿದ್ದೆ. ಗಡ್ಡದ ಹೆಂಗಸು, ಮೊಸಳೆ ಚರ್ಮದವನು, ಕತ್ತಿ ನುಂಗುವವನು, ದೈತ್ಯ, ಕುಳ್ಳ... ಹತ್ತು ಸೆಂಟು ಕೊಟ್ಟರೆ ಎಲ್ಲರನ್ನೂ ಒಂದೇ ಡೇರೆಯಲ್ಲಿ ತೋರಿಸುತ್ತ ಊರೂರು ಅಲೆಯುತ್ತಿದ್ದೆವು. ಮೂವತ್ತನಾಲ್ಕನೇ ಇಸವಿಯ ಚಳಿಗಾಲಕ್ಕೆ ಜಾರ್ಜಿಯಾದ ಒಂದು ಊರಾಚೆ ಬಿಡಾರ ಹಾಕಿದ್ದೆವು.

ಆ ರಾತ್ರಿ ಲಾನಿ ಊರೊಳಗೆ ಕಳ್ಳಭಟ್ಟಿ ಕುಡಿದು ಒಬ್ಬನೇ ಬರುತ್ತಿದ್ದ. ದಾರಿಯಲ್ಲಿ ಒಂದು ಸುಟ್ಟುಹೋದ ಇಗರ್ಜಿ. ಅದರ ಮುಂದೆ ಬಾವಿ. ಗಾಳಿ ಇರಲಿಲ್ಲ. ನಾಯಿ ಕೂಡ ಬೊಗಳುತ್ತಿರಲಿಲ್ಲ.

ಬಾವಿ ದಾಟಿ ನಾಲ್ಕು ಮಾರು ಹೋಗಿರಬೇಕು. ಹಿಂದೆ ಸದ್ದಾಯಿತು. ಮೊದಲು ತೊಗಲಿನ ಪಟ್ಟಿ ಎಳೆದಂತೆ... ಕಿರ್ರ್. ಆಮೇಲೆ ಕಬ್ಬಿಣ ಕಲ್ಲಿಗೆ ತಾಗಿದಂತೆ... ಟಕ್.

ಕಿರ್ರ್... ಟಕ್.

ಲಾನಿಗೆ ಏರಿದ ಅಮಲೆಲ್ಲ ಜರ್ರನೆ ಇಳಿದುಹೋಯಿತು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ನಮ್ಮ ದೈತ್ಯ ಈನಾಕ್ ಟಾಲಿವರ್ ನಿಲ್ಲಲು ಆಗದ ಎಡಗಾಲಿಗೆ ಕಟ್ಟಿಕೊಳ್ಳುತ್ತಿದ್ದ ಕಬ್ಬಿಣದ ಆಸರೆಯ ಸದ್ದು ಅದು. ಈನಾಕನನ್ನು ಅವತ್ತೇ ಮಧ್ಯಾಹ್ನ ಮಣ್ಣು ಮಾಡಿ ಬಂದಿದ್ದೆವು. ಆ ಆಸರೆ ಲಾನಿಯ ಗಾಡಿಯೊಳಗೆ ಮೊಳೆಯಲ್ಲಿ ತೂಗುತ್ತಿತ್ತು.

"ಲಾನಿ..." ಪಿಸುದನಿ ನೆತ್ತಿಯ ಮೇಲಿಂದ ಬಂತು. "ಎಷ್ಟು ಹೆಜ್ಜೆ?"

ಸ್ವಲ್ಪ ತಡೆಯಿರಿ. ಈ ಮಾತಿನ ಹಿಂದಿನದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಈನಾಕನಿಗೆ ಕಣ್ಣು ಕಾಣುತ್ತಿರಲಿಲ್ಲ. ಮೂರು ವರ್ಷದಿಂದ ಮಂಜಾಗುತ್ತ ಬಂದು ಪೂರಾ ಹೋಗಿತ್ತು. ಅದು ಗೊತ್ತಿದ್ದದ್ದು ಲಾನಿಗೊಬ್ಬನಿಗೆ. ಆಟದಲ್ಲಿ ಇಬ್ಬರದೂ ಒಂದೇ ಜೋಡಿ. ಕುಳ್ಳನನ್ನು ಪಕ್ಕದಲ್ಲಿ ನಿಲ್ಲಿಸಿದರೆ ದೈತ್ಯ ಇನ್ನೂ ಎತ್ತರ ಕಾಣುತ್ತಾನೆ, ದೈತ್ಯನ ಪಕ್ಕದಲ್ಲಿ ಕುಳ್ಳ ಇನ್ನೂ ಗಿಡ್ಡ ಕಾಣುತ್ತಾನೆ. ಈನಾಕ್ ಎರಡು ಬೆರಳನ್ನು ಲಾನಿಯ ಟೋಪಿಯ ಮೇಲೆ ಇಟ್ಟು ನಡೆಯುತ್ತಿದ್ದ. ನೋಡುವವರಿಗೆ ಅದೊಂದು ಮುದ್ದು. ಲಾನಿ ತುಟಿ ಅಲ್ಲಾಡಿಸದೆ ಹೇಳುತ್ತಿದ್ದ: "ಏಳು ಹೆಜ್ಜೆ... ಆಮೇಲೆ ಮೆಟ್ಟಿಲು... ಮೂರು ಹೆಜ್ಜೆ, ತಲೆ ಬಗ್ಗಿಸು." ಗಾಡಿಯಿಂದ ಇಳಿದ ಕೂಡಲೇ ಈನಾಕ್ ಕೇಳುವುದು ಒಂದೇ ಮಾತು: "ಎಷ್ಟು ಹೆಜ್ಜೆ, ಲಾನಿ?"

ಕುರುಡು ದೈತ್ಯನನ್ನು ಯಜಮಾನ ಇಟ್ಟುಕೊಳ್ಳುತ್ತಿರಲಿಲ್ಲ. ಕಟ್ಟೆಯಿಂದ ಜಾರಿ ಜನರ ಮೇಲೆ ಬಿದ್ದರೆ ಕೋರ್ಟು, ಕಚೇರಿ. ಮುಂದಿನ ಊರಿನಲ್ಲೇ ಇಳಿಸಿ ಹೋಗುತ್ತಿದ್ದ. ಆಮೇಲೆ ಗತಿಯಿಲ್ಲದವರ ಸರ್ಕಾರಿ ಆಶ್ರಮವೇ ಗತಿ.

ಈನಾಕನಿಗೆ ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಹರೆಯದಲ್ಲಿ ಯಾವುದೋ ಊರಿನಲ್ಲಿ ಅವನಂಥದೇ ಒಬ್ಬ ದೈತ್ಯನ ಎಲುಬಿನ ಗೂಡನ್ನು ಗಾಜಿನ ಬೀರುವಿನಲ್ಲಿ ನಿಲ್ಲಿಸಿದ್ದನ್ನು ನೋಡಿದ್ದನಂತೆ. ಮಕ್ಕಳು ಗಾಜಿಗೆ ಟಪಟಪ ಬಡಿದು ನಗುತ್ತಿದ್ದರಂತೆ. ಅವತ್ತಿನಿಂದ ಅವನಿಗೆ ಒಂದೇ ಜಪ.

"ಬದುಕಿರೋವರೆಗೂ ನೋಡ್ಲಿ ಕಣೋ, ದುಡ್ಡು ಕೊಟ್ಟಿದಾರೆ," ಎನ್ನುತ್ತಿದ್ದ ಲಾನಿಗೆ. "ಸತ್ತ ಮೇಲಾದ್ರೂ ನನ್ನನ್ನ ಮುಚ್ಚಿಬಿಡು. ಯಾರಿಗೂ ಕಾಣದ ಹಾಗೆ. ಮಾತು ಕೊಡು."

ಲಾನಿ ಮಾತು ಕೊಟ್ಟಿದ್ದ. ಕೈಯ ಮೇಲೆ ಕೈ ಇಟ್ಟು.

ಕತ್ತಿ ನುಂಗುವವನು ಡೆಲ್ಮರ್ ವಾಸ್ ಎಂಬವನು. ನೋಡಲು ಲಕ್ಷಣವಾಗಿದ್ದ, ಒಳಗೆ ಬರೀ ವಿಷ. ಗಂಟಲು ಹರಿದು ರಕ್ತ ಬರುತ್ತಿತ್ತು, ಇನ್ನು ಹೆಚ್ಚು ದಿನ ಕತ್ತಿ ಇಳಿಯುವಂತಿರಲಿಲ್ಲ. ಸವಾನಾ ಪಟ್ಟಣದ ಒಬ್ಬ ಡಾಕ್ಟರು ದೈತ್ಯನ ದೇಹ ಬೇಕೆಂದು ಕೇಳಿದ್ದ. ಈನಾಕ್ ಬದುಕಿರುವಾಗಲೇ ಕಾಗದಕ್ಕೆ ಸಹಿ ಹಾಕಿಸಿಕೊಟ್ಟರೆ ಡೆಲ್ಮರನಿಗೆ ಕೂತು ತಿನ್ನುವಷ್ಟು ಸಿಗುತ್ತಿತ್ತು. ಕಣ್ಣಿನ ಗುಟ್ಟು ಇವನಿಗೆ ಹೇಗೆ ತಿಳಿಯಿತು ಅಂತೀರಾ? ಲಾನಿಯೇ ಒಂದು ದಿನ ಕುಡಿದು ಬಡಾಯಿ ಕೊಚ್ಚಿದ್ದ. ನಾನಿಲ್ಲದಿದ್ದರೆ ಆ ದಾಂಡಿಗ ಕಂಬಕ್ಕೆ ಡಿಕ್ಕಿ ಹೊಡೀತಾನೆ ಅಂತ.

ಡೆಲ್ಮರ್ ಮೊದಲು ಈನಾಕನ ಹತ್ತಿರವೇ ಹೋದ.

"ಸಹಿ ಹಾಕು. ಇಲ್ಲಾಂದ್ರೆ ಯಜಮಾನನ ಕಿವೀಗೆ ಹಾಕ್ತೀನಿ, ನಿನಗೆ ಕಣ್ಣಿಲ್ಲ ಅಂತ."

"ಹಾಕು," ಎಂದ ಈನಾಕ್. "ಆಶ್ರಮದಲ್ಲಿ ಗಂಜಿ ಕುಡಿದು ಸಾಯ್ತೀನಿ. ಮೂಳೆ ಮಾತ್ರ ನಂದು."

ಆಗ ಡೆಲ್ಮರ್ ಲಾನಿಯ ಕಡೆ ತಿರುಗಿದ. ಅಡುಗೆ ಡೇರೆಯ ಹಿಂದೆ ನಿಲ್ಲಿಸಿಕೊಂಡು ಮೆಲ್ಲಗೆ ಕೇಳಿದ.

"ನಿನ್ನ ಎತ್ತರ ಎಷ್ಟೋ ಲಾನಿ?"

"ಎರಡೂವರೆ ಅಡಿ."

"ಅದು ಬೋರ್ಡಿನ ಮೇಲೆ. ನಾಲ್ಕಡಿ ಎರಡಿಂಚು ಇದೀಯ. ಅವನ ಪಕ್ಕ ನಿಂತ್ರೆ ನೀನು ಬೆರಗು. ಒಬ್ಬನೇ ನಿಂತ್ರೆ ಬರೀ ಗಿಡ್ಡ. ಗಿಡ್ಡನ್ನ ನೋಡೋಕೆ ಯಾವ ಬೆಪ್ಪ ದುಡ್ಡು ಕೊಡ್ತಾನೆ? ಅವನು ಹೋದ ದಿನ ನೀನೂ ಬೀದಿಗೆ. ಮೂರು ವರ್ಷ ಯಜಮಾನನ ಕಣ್ಣಿಗೆ ಮಣ್ಣೆರಚಿದ್ದಕ್ಕೆ ಒದೆ ಬೇರೆ."

ಲಾನಿ ಟೋಪಿ ತೆಗೆದು ಕೈಯಲ್ಲಿ ತಿರುಗಿಸತೊಡಗಿದ.

"ನೀನೇನೂ ಮಾಡೋದು ಬೇಡ ಮಾರಾಯ. ಅವನಿಗೆ ಓದೋಕೆ ಆಗಲ್ಲ, ನೀನು ಓದಿ ಹೇಳು. ಅಷ್ಟೆ."

ನಾನು ಲಾನಿಯ ಪರ ವಾದಿಸಲು ಕೂತಿಲ್ಲ. ಮರುದಿನ ಕಾಗದ ಹಿಡಿದು ಹೋದ. ಈನಾಕ್ ಕಾಫಿ ಕುಡಿಯುತ್ತ ಕೂತಿದ್ದ.

"ಏನೋ ಅದು?"

"ಮುಂದಿನ ವರ್ಷದ ಕರಾರು. ಸಹಿ ಹಾಕು."

"ಪೂರ್ತಿ ಓದಿದ್ಯಾ?"

"ಓದಿದೀನಿ, ದೊಡ್ಡೋನೇ."

ಈನಾಕ್ ಬೆರಳಿನಿಂದ ಕಾಗದದ ಅಂಚು ತಡವಿ ಸಹಿ ಹಾಕಿದ. ಕೆಳಗೆ ಸಾಕ್ಷಿ ಎಂದು ಲಾನಿ ಹಾಕಿದ. ಇನ್ನು ಹತ್ತು ವರ್ಷ ಬದುಕುತ್ತಾನೆ, ಅಷ್ಟರಲ್ಲಿ ಏನಾದರೂ ದಾರಿ ಕಂಡೀತು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡನಂತೆ. ಹನ್ನೊಂದನೇ ದಿನ ಈನಾಕ್ ಶ್ವಾಸಕೋಶದ ಜ್ವರಕ್ಕೆ ಸತ್ತ.

ಬಡಗಿ ಪೆಟ್ಟಿಗೆ ಮಾಡಿದ. ಇಲ್ಲೊಂದು ಮಾತಿದೆ. ದೈತ್ಯನನ್ನು ಯಾರೂ ಅಳೆಯಕೂಡದು ಎಂದು ಕರಾರಿನಲ್ಲೇ ಇರುತ್ತದೆ. ಬೋರ್ಡಿನ ಮೇಲೆ ಬರೆದ ಎಂಟೂವರೆ ಅಡಿ ಸುಳ್ಳು ಎಂದು ನಮಗೆಲ್ಲ ಗೊತ್ತು. ಏಳಡಿ ಮೂರಿಂಚೋ ನಾಲ್ಕಿಂಚೋ ಇದ್ದ, ಉಳಿದದ್ದು ಬೂಟು, ಟೋಪಿ. ಆದರೂ ಹೆಣದ ಹತ್ತಿರ ಟೇಪು ಹಿಡಿದು ಹೋಗಲು ಒಬ್ಬರಿಗೂ ಕೈ ಬರಲಿಲ್ಲ. ಅಭ್ಯಾಸ ಅಂಥದ್ದು. ಬಡಗಿ ಬೋರ್ಡು ನೋಡಿಯೇ ಹಲಗೆ ಕೊಯ್ದ.

ಮಣ್ಣು ಮಾಡುವ ಹಿಂದಿನ ರಾತ್ರಿ ಡಾಕ್ಟರ ವ್ಯಾನು ಬಂತು. ಡೆಲ್ಮರ್ ಹೆಣದ ಕಾಲು ಹಿಡಿದ, ಬಂದ ಇಬ್ಬರು ಹೆಗಲು ಹಿಡಿದರು. ಲಾಟೀನು ಹಿಡಿದದ್ದು ಲಾನಿ. ಪೆಟ್ಟಿಗೆಯೊಳಗೆ ಮರಳಿನ ಚೀಲ ತುಂಬಿ ಮೊಳೆ ಹೊಡೆದರು. ಬೆಳಗಾಗುವುದರೊಳಗೆ ಡೆಲ್ಮರ್ ಕೂಡ ನಾಪತ್ತೆ.

ಮಧ್ಯಾಹ್ನ ಎಂಟು ಜನ ಪೆಟ್ಟಿಗೆ ಎತ್ತಿದಾಗ ಒಳಗೆ ಏನೋ ಜಾರಿತು. ಸರ್ರ್... ಧಪ್. ಇಳಿಜಾರಿನಲ್ಲಿ ಮತ್ತೆ, ಸರ್ರ್... ಧಪ್. ನಾನೇ ಕಿವಿಯಾರೆ ಕೇಳಿದೆ. ಪೆಟ್ಟಿಗೆ ಉದ್ದವಾಯಿತು, ಪಾಪ ಈನಾಕ್ ಒಳಗೆ ಜಾರುತ್ತಿದ್ದಾನೆ ಎಂದುಕೊಂಡೆವು. ಗಡ್ಡದ ಹೆಂಗಸು ಮೇಬಲ್ ಗೊಳೋ ಎಂದು ಅತ್ತಳು. "ಅಲ್ಲೂ ಅವನಿಗೆ ಸರಿಯಾಗಿ ಮಲಗೋಕೆ ಬಿಡ್ಲಿಲ್ವಲ್ರೋ!" ಲಾನಿ ಮಾತ್ರ ತಲೆ ಎತ್ತಲಿಲ್ಲ.

ಈಗ ಬಾವಿಯ ಹತ್ತಿರ ಬನ್ನಿ.

"ಎಷ್ಟು ಹೆಜ್ಜೆ?" ಮತ್ತೆ ಕೇಳಿತು.

ಟೋಪಿಯ ಮೇಲೆ ಎರಡು ಬೆರಳು ಕೂತವು. ತಣ್ಣಗೆ... ಭಾರವಾಗಿ. ಲಾನಿ ತಿರುಗಿ ನೋಡಲಿಲ್ಲ.

"ಎಲ್ಲಿಗೆ... ದೊಡ್ಡೋನೇ?"

"ನನ್ನನ್ನ ಮಲಗಿಸಿದ ಕಡೆಗೆ. ದಾರಿ ಗೊತ್ತಾಗ್ತಿಲ್ಲ ಕಣೋ."

ಲಾನಿ ಎಣಿಸತೊಡಗಿದ. ಒಂದು... ಎರಡು... ಹಿಂದೆ ಕಿರ್ರ್, ಟಕ್. ಇಗರ್ಜಿಯ ಸ್ಮಶಾನದ ಬೇಲಿ ದಾಟಿದರು. ಇನ್ನೂರ ಹನ್ನೆರಡಕ್ಕೆ ಗೋರಿ ಬಂತು. ಮಣ್ಣು ಇನ್ನೂ ಹಸಿಯಾಗಿತ್ತು.

"ಇಲ್ಲೇ," ಎಂದ ಲಾನಿ. ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲೇ ಮಲಗಿದೀಯ. ಚೆನ್ನಾಗಿ ಮುಚ್ಚಿದೀವಿ. ಹೋಗು."

ಬೆರಳು ಟೋಪಿ ಬಿಟ್ಟವು. ಮಂಡಿ ಊರಿದ ಸದ್ದು. ಅಗಲವಾದ ಅಂಗೈ ಮಣ್ಣನ್ನು ತಟ್ಟುವ ಸದ್ದು... ಥಪ್... ಥಪ್... ತಲೆಯ ಕಡೆಯಿಂದ ಕಾಲಿನ ಕಡೆಗೆ. ಆಮೇಲೆ ನಿಂತಿತು.

"ಇಲ್ಲಿ ಮರಳಿದೆ, ಲಾನಿ."

ಲಾನಿ ಅಳುತ್ತಿದ್ದ.

"ನಾನೆಲ್ಲಿದೀನಿ?"

"ಸವಾನಾದಲ್ಲಿ."

ಬೈದಿದ್ದರೆ, ಕುತ್ತಿಗೆ ಹಿಸುಕಿದ್ದರೆ ಒಳ್ಳೆಯದಿತ್ತು ಎಂದು ಲಾನಿ ನನ್ನ ಹತ್ತಿರ ಎಷ್ಟೋ ಸಲ ಹೇಳಿದ. ಬೈಯಲಿಲ್ಲ. ಎರಡು ಬೆರಳು ಮತ್ತೆ ಬಂದು ಟೋಪಿಯ ಮೇಲೆ ಕೂತವು.

"ಎಷ್ಟು ಹೆಜ್ಜೆ?"

ಸವಾನಾ ತೊಂಬತ್ತು ಮೈಲಿ. ಲಾನಿಯ ಮೋಟು ಕಾಲಿಗೆ ಬೆಳಗಿನವರೆಗೆ ಆರು ಮೈಲಿ ಸಾಗಿತು. ಮರ ಕೊಯ್ಯುವ ಕಾರ್ಖಾನೆ ಹತ್ತಿರ ಕೋಳಿ ಕೂಗಿದ್ದೇ ಬೆರಳು ಇಲ್ಲವಾದವು. ಮುಗಿಯಿತು ಎಂದುಕೊಂಡು ಹಿಂದಿರುಗಿದ. ಆ ರಾತ್ರಿ ಗಾಡಿಯಲ್ಲಿ ಮಲಗಿದ್ದವನು ಕಣ್ಣು ಬಿಟ್ಟರೆ ಬಾವಿಯ ಹತ್ತಿರ ನಿಂತಿದ್ದ. ಕಿರ್ರ್... ಟಕ್. ಮತ್ತೆ ಒಂದರಿಂದ ಎಣಿಕೆ. ಮತ್ತೆ ಕಾರ್ಖಾನೆ. ಮತ್ತೆ ಕೋಳಿ.

ಒಂದು ದಿನ ಹಗಲಲ್ಲೇ ಬಸ್ಸು ಹತ್ತಿ ಸವಾನಾಕ್ಕೆ ಹೋದ. ಡಾಕ್ಟರ ಮನೆ ಹುಡುಕಿ ಬಾಗಿಲು ತಟ್ಟಿದ. ಆಳು ಬಂದು ದಬ್ಬಿದ. ರಾತ್ರಿ ಅಲ್ಲೇ ಒಂದು ಜಗಲಿಯ ಮೇಲೆ ಒರಗಿದರೆ, ಎಚ್ಚರವಾದದ್ದು ಬಾವಿಯ ಹತ್ತಿರ. "ಒಬ್ಬನೇ ಹೋಗಿದ್ಯಾ?" ಎಂದು ಕೇಳಿತಂತೆ. ಅಷ್ಟೆ.

ಆಗ ಅವನು ನನಗೆ ಎಲ್ಲ ಬಿಚ್ಚಿ ಹೇಳಿದ. ನಾನು ಕಪಾಳಕ್ಕೆ ಒಂದು ಬಾರಿಸಿದೆ. ಆಮೇಲೆ ಕೈ ಹಿಡಿದು ಪೊಲೀಸ್ ಸಾಹೇಬರ ಹತ್ತಿರ ಕರೆದುಕೊಂಡು ಹೋದೆ. ಅವರು ಡಾಕ್ಟರಿಂದ ಕಾಗದ ತರಿಸಿ ನೋಡಿದರು.

"ಸತ್ತವನ ಸಹಿ ಇದೆ. ಸಾಕ್ಷಿ ಯಾರು, ಲಾನಿ ಸ್ಪೈವಿ... ನೀನೇ ತಾನೇ?"

"ಹೌದು ಸ್ವಾಮಿ."

"ಮತ್ತೆ ಇನ್ನೇನು ಬೇಕು? ನಡಿ, ನಡಿ."

ದೈತ್ಯನಿಲ್ಲದ ಕುಳ್ಳನನ್ನು ಯಜಮಾನನೂ ಇಟ್ಟುಕೊಳ್ಳಲಿಲ್ಲ. ಏಪ್ರಿಲ್ ತಿಂಗಳಲ್ಲಿ ಲಾನಿ ಕಾರ್ಖಾನೆಯ ಹತ್ತಿರ ಮೋರಿಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಈನಾಕ್ ಯಾವ ಆಶ್ರಮಕ್ಕೆ ಹೋಗಬೇಕಾಗಿತ್ತೋ ಅಂಥದಕ್ಕೇ ಇವನನ್ನು ಹಾಕಿದರು. ಇನ್ನು ಏಳುವುದಿಲ್ಲ, ಕೂರುವುದೂ ಇಲ್ಲ ಎಂದರು ಅಲ್ಲಿಯ ಡಾಕ್ಟರು. ಒಳ್ಳೆಯದೇ ಆಯಿತು, ನಡೆಯುವುದಾದರೂ ತಪ್ಪಿತಲ್ಲ ಎಂದುಕೊಂಡೆ ನಾನು. ಪ್ರದರ್ಶನದವರು ಮುಂದಿನ ಊರಿಗೆ ಹೊರಟಾಗ ನಾನು ಹೋಗಲಿಲ್ಲ. ಊರಲ್ಲೇ ಹೊಲಿಗೆ ಹಿಡಿದು ಭಾನುವಾರ ಭಾನುವಾರ ಅವನನ್ನು ನೋಡಲು ಹೋಗುತ್ತಿದ್ದೆ. ಬೀನ್ಸು ಬೇಯಿಸಿ ಒಯ್ಯುತ್ತಿದ್ದೆ. ಲಾನಿ ಚಾವಣಿ ನೋಡುತ್ತ ಮಲಗಿರುತ್ತಿದ್ದ. ಹೆಜ್ಜೆ ಎಣಿಸುವಂತೆ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಒಂದು ಭಾನುವಾರ ಮೇಲ್ವಿಚಾರಕಿ ಮಿಸ್ ಆಗ್ಡನ್ ನನ್ನನ್ನು ಪಕ್ಕಕ್ಕೆ ಕರೆದಳು. ಮಂಚದ ಕೆಳಗಿನಿಂದ ಲಾನಿಯ ಬೂಟು ತೆಗೆದು ತೋರಿಸಿದಳು. ಮಕ್ಕಳ ಅಳತೆಯ ಬೂಟು. ಎರಡರ ಅಟ್ಟೆಯೂ ಸವೆದು ತೂತಾಗಿತ್ತು.

"ನಿಯಮ ಅಂದ್ರೆ ನಿಯಮ ಕಣಮ್ಮ," ಎಂದಳು. "ಪ್ರತಿ ಮಂಚದ ಕೆಳಗೂ ಒಂದು ಜೊತೆ ಒಳ್ಳೆ ಬೂಟು ಇರ್ಬೇಕು. ಇವನಿಗೆ ಬೇರೆ ತಂದುಕೊಡು."

ಅಂಗಡಿಯಿಂದ ಹೊಸದು ತಂದು ನಾನೇ ಮಂಚದ ಕೆಳಗಿಟ್ಟೆ. ಮುಂದಿನ ಭಾನುವಾರ ಅದರ ಅಟ್ಟೆಯೂ ತೂತು. ನನ್ನ ಬೆರಳನ್ನೇ ತೂರಿಸಿ ನೋಡಿದೆ. ಮತ್ತೆ ತಂದೆ. ಅಕ್ಟೋಬರಿನಲ್ಲಿ ಅವನು ಸಾಯುವವರೆಗೆ ಹತ್ತೊಂಬತ್ತು ಜೊತೆ.

ಸುಳ್ಳು ಹೇಳಿ ನನಗೇನು ಬರಬೇಕಾಗಿದೆ? ಅವನು ಮಂಚದಿಂದ ಇಳಿದದ್ದನ್ನು ಒಬ್ಬರೂ ನೋಡಿಲ್ಲ. ಇಳಿಯುವ ಸ್ಥಿತಿಯೂ ಇರಲಿಲ್ಲ, ಮಗ್ಗುಲು ಬದಲಿಸಲು ಇಬ್ಬರು ಬೇಕಿತ್ತು. ಇದು ನಡೆದದ್ದು. ಬೂಟು ಕೊಂಡುಕೊಟ್ಟವಳು ನಾನು.