ಕುದ್ರಿನ ಮಂಕಾಳಿ ಆಚೆ ದಡಕ್ಕೆ ಹೊರಟದ್ದು

ಯಾವ ಸೀಮೆ ಅಂತ ಕೇಳಬೇಡಿ, ಯಾವ ದೊರೆ ಆಳ್ತಿದ್ದ ಅಂತಲೂ ಕೇಳಬೇಡಿ. ನೀವು ಹೂಂ ಅನ್ನಿ, ನಾನು ಹೇಳ್ತಾ ಹೋಗ್ತೀನಿ. ಒಂದು ಕುದ್ರು ಇತ್ತು. ಕುದ್ರು ಅಂದರೆ ಗೊತ್ತಲ್ಲ? ಸುತ್ತ ಉಪ್ಪುನೀರು, ನಡುವೆ ಒಂದು ಹಿಡಿ ನೆಲ. ಆ ನೆಲದ ಮೇಲೆ ಮೀನುಗಾರರ ಕೇರಿ. ಆ ಕೇರಿಗೆ ಮದುವೆಯಾಗಿ ಬಂದವಳು ಮಂಕಾಳಿ.

ಎಲ್ಲಿಂದ ಬಂದಳು? ಆಚೆ ದಡದಿಂದ. ಅಲ್ಲಿ ಅವಳಪ್ಪ ತೆಂಗಿನ ನಾರು ಹೊಸೆದು ದೋಣಿಗೆ ಹಗ್ಗ ಮಾಡ್ತಿದ್ದ. ಹಗ್ಗ ನೀರಿಗೆ ಇಳೀತಿತ್ತು, ಮಗಳು ಇಳಿದಿರಲಿಲ್ಲ. ತಾಯಿ ಇಲ್ಲದ ಮನೆ. ತಂಗಿ ಹೊನ್ನಿಗೆ ತಲೆ ಬಾಚಿದ್ದು, ಉಣಿಸಿದ್ದು, ಗದರಿದ್ದು ಎಲ್ಲಾ ಮಂಕಾಳಿಯೇ.

ಮದುವೆ ಮುಗೀತು. ಗಂಡ ಜಟ್ಟಿ ಅವಳನ್ನ ದೋಣಿ ಹತ್ತಿಸಿದ. ಅಕ್ಕನ ಜೊತೆಗೆ ಅಂತ ಹೊನ್ನಿಯೂ ಹತ್ತಿದಳು. ಅರ್ಧ ದಾರಿಗೆ ಗಾಳಿ ತಿರುಗಿತು ನೋಡಿ! ಅಲೆ ಎದ್ದಿತು, ದೋಣಿ ವಾಲಿತು, ಹೂವಿನ ಬುಟ್ಟಿ ನೀರುಪಾಲಾಯ್ತು. ಕಣ್ಣು ಮುಚ್ಚಿದ ಮಂಕಾಳಿ ಕುದ್ರಿನ ಮರಳು ಕಾಲಿಗೆ ತಾಗುವ ತನಕ ತೆರೆಯಲಿಲ್ಲ. ನಾಲ್ಕು ದಿನ ಇದ್ದು ಹೊನ್ನಿ ಯಾರದೋ ದೋಣಿಯಲ್ಲಿ ವಾಪಸು ಹೋದಳು.

ಮಂಕಾಳಿ ಗಂಡನಿಗೆ ಹೇಳಿದಳು: "ಇನ್ನು ನನ್ನನ್ನ ದೋಣಿ ಹತ್ತು ಅನ್ನಬೇಡಿ. ನನ್ನ ಕೈಲಾಗಲ್ಲ."

ಜಟ್ಟಿ ನಗಲಿಲ್ಲ. "ಆಯ್ತು" ಅಂದ.

"ಯಾರಿಗೂ ಹೇಳಬೇಡಿ. ಮೀನುಗಾರನ ಹೆಂಡತಿಗೆ ನೀರಿನ ಭಯ ಅಂದರೆ ಕೇರಿಯೇ ನಗುತ್ತೆ. ತಂಗಿಗಂತೂ ಹೇಳಲೇಬೇಡಿ. ಅಕ್ಕ ಯಾವುದಕ್ಕೂ ಹೆದರಲ್ಲ ಅಂತ ತಿಳಿದಿದ್ದಾಳೆ ಅವಳು."

"ಹೇಳಲ್ಲ ಮಾರಾಯ್ತಿ."

ಆಗಿನ ಕುದ್ರು ಹೇಗಿತ್ತು ಅಂತೀರಿ? ಇಡೀ ಊರಿಗೆ ಒಂದೇ ದೊಡ್ಡ ಬಲೆ. ಮೀನಿನ ಹಿಂಡು ದಡಕ್ಕೆ ಬಂತು ಅಂದರೆ ಗಂಡಸರು, ಹೆಂಗಸರು, ಮುದುಕರು ಎಲ್ಲಾ ಮರಳಲ್ಲಿ ಸಾಲಾಗಿ ನಿಂತು ಹಾಡುತ್ತಾ ಎಳೆಯೋದು. ಎಳೆದವರಿಗೂ ಪಾಲು, ಎಳೆಯಲಾರದವರಿಗೂ ಪಾಲು. ಕಣ್ಣು ಕಾಣದ ಕುಪ್ಪಜ್ಜಿ ಬಂದು ಹಗ್ಗ ಮುಟ್ಟಿದರೆ ಸಾಕು, ಅವಳ ಬುಟ್ಟಿಗೂ ಬಂಗುಡೆ ಬೀಳ್ತಿತ್ತು. ಮಂಕಾಳಿಯೂ ಎಳೀತಿದ್ದಳು. ಮೊಣಕಾಲು ನೀರಿನ ತನಕ. ಅದರಾಚೆ ಇಲ್ಲ.

ಹೀಗಿರುವಾಗ ಹೊನ್ನಿಯ ಮದುವೆ ಬಂತು. ಆಚೆ ದಡದಲ್ಲೇ ಗಂಡು. ಮಂಕಾಳಿ ಸೀರೆ ಉಟ್ಟಳು, ಹೂ ಮುಡಿದಳು, ದೋಣಿಯ ಹತ್ತಿರ ಬಂದಳು. ಒಂದು ಕಾಲು ದೋಣಿಯೊಳಗೆ, ಒಂದು ಕಾಲು ಮರಳಲ್ಲಿ. ಅಲೆ ಬಂತು, ದೋಣಿ ಅಲುಗಿತು. ಒಳಗಿನ ಕಾಲು ಹೊರಗೆ ಬಂತು. ಜಟ್ಟಿ ಒಬ್ಬನೇ ಹೋಗಿ, "ಅವಳಿಗೆ ಜ್ವರ" ಅಂದ.

ಕಾಲ ನಿಲ್ಲುತ್ತಾ? ಕುದ್ರಿನ ದೋಣಿಗಳಿಗೆ ಮೋಟಾರು ಬಂತು. ದೋಣಿಗಳು ದೂರ ಹೋದವು, ದಡದ ಮೀನೂ ದೂರ ಹೋಯ್ತು. ಊರಿಗೊಂದು ಬಲೆ ಇದ್ದದ್ದು ಮನೆಗೊಂದು ಬಲೆಯಾಯ್ತು. ಸೋಗೆ ಹೋಗಿ ಹೆಂಚು ಬಂತು, ಹೆಂಚಿನ ಕೆಳಗೆ ರೇಡಿಯೋ ಹಾಡಿತು, ಮರಳಿನ ಮೇಲಿನ ಹಾಡು ನಿಂತಿತು. ಕುಪ್ಪಜ್ಜಿ ಮಾತ್ರ ದಿನಾ ಬಂದು ಕೂತು, "ಇವತ್ತೂ ಎಳೆಯೋಲ್ವೇನ್ರೋ?" ಅಂತ ಕೇಳ್ತಿದ್ದಳು. ಮಂಕಾಳಿ ತನ್ನ ಮೀನನ್ನ ಅವಳ ಬುಟ್ಟಿಗೆ ಹಾಕಿ ಹೋಗ್ತಿದ್ದಳು.

ಹೊನ್ನಿಗೆ ಮಗು ಹುಟ್ಟಿತು. ಮಂಕಾಳಿ ಅಂಗಿ ಹೊಲಿದಳು, ಕಾಡಿಗೆ ಮಾಡಿದಳು, ದೋಣಿಯ ಹತ್ತಿರ ಬಂದಳು. ಒಂದು ಕಾಲು ದೋಣಿಯೊಳಗೆ, ಒಂದು ಕಾಲು ಮರಳಲ್ಲಿ. ಮೋಟಾರು ಗುಡುಗಿತು. ಒಳಗಿನ ಕಾಲು ಹೊರಗೆ ಬಂತು. "ಅವಳ ಸೊಂಟ ಹಿಡಿದಿದೆ" ಅಂದ ಜಟ್ಟಿ.

ಹೊನ್ನಿಯಾದರೂ ಬಂದಳಾ? ಇಲ್ಲ! ಜಟ್ಟಿ ಕರೆದಾಗಲೆಲ್ಲ ಒಂದೊಂದು ನೆಪ. ಒಮ್ಮೆ ಹಸು ಈದಿದೆ, ಒಮ್ಮೆ ಅತ್ತೆಗೆ ಹುಷಾರಿಲ್ಲ. ಬಸಳೆ ಕಟ್ಟು, ಅವಲಕ್ಕಿ ಗಂಟು ಬರ್ತಿತ್ತು, ತಂಗಿ ಬರ್ತಿರಲಿಲ್ಲ. "ನಮ್ಮ ಮನೆಯ ಮೀನಿನ ವಾಸನೆ ಅವಳಿಗೆ ಆಗಲ್ಲ" ಅಂದುಕೊಂಡಳು ಮಂಕಾಳಿ. "ಅಕ್ಕನಿಗೆ ಕುದ್ರು ಸಿಕ್ಕಿದ ಮೇಲೆ ನಾನು ಬೇಡವಾದೆ" ಅಂತ ಆಚೆ ಹೊನ್ನಿ ಅಂದುಕೊಂಡಳು.

ಆಮೇಲೆ ಬಂತು ಕೆಟ್ಟ ಸುದ್ದಿ. ಹೊನ್ನಿಯ ಗಂಡ ತೀರಿಕೊಂಡ. ಮಂಕಾಳಿ ಅಳುತ್ತಾ ಓಡಿ ಬಂದಳು. ಅಷ್ಟು ಹೊತ್ತಿಗೆ ಫೈಬರ್ ದೋಣಿ ಬಂದಿತ್ತು, ಮುಳುಗದ ಹಾಗೆ ತೊಡುವ ಜಾಕೆಟ್ಟೂ ಬಂದಿತ್ತು. ಜಟ್ಟಿ ತಾನೇ ತೊಡಿಸಿದ. ಒಂದು ಕಾಲು ದೋಣಿಯೊಳಗೆ, ಒಂದು ಕಾಲು ಮರಳಲ್ಲಿ. ಆಗಲಿಲ್ಲ ಕಣ್ರಪ್ಪ. ಜಾಕೆಟ್ಟು ತೊಟ್ಟುಕೊಂಡೇ ಮರಳಲ್ಲಿ ಕುಸಿದು ಕೂತಳು. "ಹೋಗಿ ಬನ್ನಿ. ಏನಾದರೂ ಹೇಳಿ" ಅಂದಳು. ಆ ದಿನ ಜಟ್ಟಿಗೆ ಹೇಳೋಕೆ ಏನೂ ಸಿಗಲಿಲ್ಲ. ಅಲ್ಲಿಂದ ಬಸಳೆ ಬರೋದು ನಿಂತಿತು.

ಕುದ್ರು ಮತ್ತೂ ಬದಲಾಯ್ತು. ಕುಪ್ಪಜ್ಜಿ ಹೋದಳು. ಹುಡುಗರು ದೂರದ ಬಂದರಿನ ಬೋಟುಗಳಿಗೆ ದುಡಿಯೋಕೆ ಹೋದರು, ಮಳೆ ಹಿಡಿದ ಮೇಲೇ ಮನೆ ಕಡೆ ಬರ್ತಿದ್ದರು. ಫೋನು ಬಂತು. ಮಳೆಗಾಲಕ್ಕೆ ಮನೆಗೆ ಬಂದ ಮಂಕಾಳಿಯ ಮಗ, ಚಿಕ್ಕಮ್ಮನ ನಂಬರು ಒತ್ತಿ ಕೊಡ್ತೀನಿ ಅಂದ. "ಏನಂತ ಮಾತಾಡಲಿ?" ಅಂದಳು ಮಂಕಾಳಿ. ಒಂದು ದಿನ ನೀರಿನಲ್ಲಿ ಕಂಬಗಳೆದ್ದವು. ಕಂಬದ ಮೇಲೆ ಹಾಸು ಬಂತು. ಸೇತುವೆ!

ಊರಿಗೆ ಊರೇ ನೋಡೋಕೆ ಹೋಯ್ತು. ಮಂಕಾಳಿ ಒಲೆಯ ಮುಂದೆ ಕೂತಿದ್ದಳು. ಜಟ್ಟಿ ಕೋಲೂರಿಕೊಂಡು ಬಂದ.

"ಏಳು. ಇದು ದೋಣಿ ಅಲ್ಲ, ನೆಲ."

"ನೀರಿನ ಮೇಲಿನ ನೆಲ."

"ಕೆಳಗೆ ನೋಡಬೇಡ. ನನ್ನ ಬೆನ್ನು ನೋಡ್ತಾ ಬಾ."

"ಹೊನ್ನಿ ಬಾಗಿಲು ತೆಗೀದಿದ್ದರೆ?"

"ನಡೆದುಕೊಂಡೇ ವಾಪಸು ಬರೋಣ."

ಮಂಕಾಳಿ ಒಣಸಿಗಡಿ ಸೆರಗಿನಲ್ಲಿ ಕಟ್ಟಿಕೊಂಡಳು. ಜಟ್ಟಿ ಮುಂದೆ, ಅವಳು ಹಿಂದೆ. ಕೆಳಗೆ ಅಲೆಯ ಸದ್ದು, ಎದೆಯಲ್ಲಿ ಅದಕ್ಕಿಂತ ಜೋರು ಸದ್ದು. ಅರ್ಧ ದಾರಿಗೆ ಬಂದಾಗ ಜಟ್ಟಿ ನಿಂತ. ಎದುರಿಗೆ ಒಬ್ಬಳು ಮುದುಕಿ. ಎರಡೂ ಕೈಯಲ್ಲಿ ಕಂಬಿ ಅಪ್ಪಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದಾಳೆ. ಕಾಲ ಬುಡದಲ್ಲಿ ಬಸಳೆ ಕಟ್ಟು ಬಿದ್ದಿದೆ.

ಯಾರು ಹೇಳಿ?

ಮಂಕಾಳಿ ಗಂಡನನ್ನ ದಾಟಿಕೊಂಡು ಓಡಿದಳು. ನೀರು ಎಲ್ಲಿದೆ, ತಾನೆಲ್ಲಿದ್ದೇನೆ, ಒಂದೂ ನೆನಪಿಲ್ಲ.

"ಹೊನ್ನೀ! ಏನಾಯ್ತೇ ನಿನಗೆ?"

"ಅಕ್ಕಾ, ಕಣ್ಣು ಬಿಡೋಕಾಗ್ತಿಲ್ಲ. ನಿನ್ನ ಮದುವೆಯ ದೋಣಿ ಹತ್ತಿದ ದಿನದಿಂದ ನನಗೆ ನೀರು ಕಂಡರಾಗಲ್ಲ. ಹೇಳಿದರೆ ನೀನು ಬೈತೀಯಾ ಅಂತ ಹೇಳಲಿಲ್ಲ."

ಮಂಕಾಳಿಗೆ ಅಳು ಬಂತೋ, ನಗು ಬಂತೋ! ತಂಗಿಯ ಬೆರಳುಗಳನ್ನ ಒಂದೊಂದಾಗಿ ಕಂಬಿಯಿಂದ ಬಿಡಿಸಿ ತನ್ನ ಕೈಯಲ್ಲಿ ಹಿಡಿದಳು. "ಬೈಯಲ್ಲ. ನನಗೂ ಭಯವೇ ಕಣೇ. ಅವತ್ತಿಂದ ಇವತ್ತಿನ ತನಕ."

ಹೊನ್ನಿ ಕಣ್ಣು ಬಿಟ್ಟಳು.

ಜಟ್ಟಿ ತಲೆಯ ಮೇಲೆ ಕೈ ಹೊತ್ತ. "ಅಯ್ಯೋ ನಿಮ್ಮ! ಇಬ್ಬರ ಸುಳ್ಳನ್ನೂ ನನ್ನ ದೋಣಿಯಲ್ಲೇ ಸಾಗಿಸಿದ್ದೀನಲ್ಲ ಇಷ್ಟು ವರ್ಷ!"

ಈಗ ಯಾರ ಮನೆಗೆ ಹೋಗೋದು? "ನನ್ನ ಮನೆಗೆ" ಅಂದಳು ಇವಳು. "ನನ್ನ ಮನೆಗೆ" ಅಂದಳು ಅವಳು. ಹಿಂದೆ ಮೀನಿನ ಲಾರಿಯವನು ಹಾರ್ನ್ ಹೊಡೆದೇ ಹೊಡೆದ. ಕೊನೆಗೆ ಕೈ ಹಿಡಿದುಕೊಂಡೇ ಕುದ್ರಿನ ಕಡೆ ಇಳಿದು, ಸೇತುವೆಯ ಬುಡದ ನೆರಳಲ್ಲಿ ಕೂತರು. ಸಿಗಡಿ ಇವಳಿಂದ ಅವಳಿಗೆ, ಬಸಳೆ ಅವಳಿಂದ ಇವಳಿಗೆ. ಮುಂದಿನ ವಾರ ಮತ್ತೆ. ಅದರ ಮುಂದಿನ ವಾರ ಮತ್ತೆ. ನೋಡಿದ ಹೆಂಗಸರು, ಲಾರಿಯವರು ಬೇಡ ಅಂದು ಬಿಟ್ಟ ಸಣ್ಣ ಮೀನು ತಂದು ಪಕ್ಕದಲ್ಲಿ ಕೂತರು. ಆಚೆಯವರು ಸೊಪ್ಪು, ಸೌತೆ ತಂದರು. ಮಂಕಾಳಿಯೂ ಇಲ್ಲ ಈಗ, ಹೊನ್ನಿಯೂ ಇಲ್ಲ. ಜನ ಮಾತ್ರ ಅದನ್ನ ಅಕ್ಕತಂಗಿ ಸಂತೆ ಅಂತಲೇ ಕರೀತಾರೆ. ಅಲ್ಲಿ ಯಾರಾದರೂ ಚೌಕಾಸಿ ಮಾಡ್ತಾ ದನಿ ಏರಿಸಿದರೆ, "ಕೂತು ಮಾತಾಡಿ" ಅಂತ ಮಣೆ ಸರಿಸಿ ಕೊಡ್ತಾರೆ.

ನನ್ನ ಕತೆ ದಡ ಮುಟ್ಟಿತು. ಹೇಳಿದ ಬಾಯಿಗೆ ಎಲೆಯಡಿಕೆ ಕೊಡಿ, ಹೂಂ ಅಂದ ನಿಮ್ಮ ಮನೆಗೆ ನೆಂಟರು ಬರಲಿ.